ಬೇವಿನ ಗಿಡದ ಪಾಳಿ

2024ರ ಜೂನ್‌ನಲ್ಲಿ ನಾನು ಯಾದಗಿರಿಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕ್ಷೇತ್ರ ಸಮೀಕ್ಷಕಿಯಾಗಿ ಸೇರಿದೆ. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಊರು ಸುರಪುರ. ಬಿ.ಎ. ಮುಗಿಸಿ ಒಂದೂವರೆ ವರ್ಷ ಮನೆಯಲ್ಲೇ ಇದ್ದವಳಿಗೆ ಅದು ಮೊದಲ ನೌಕರಿ. ಶಹಾಪುರದಲ್ಲಿ ಮೂರು ದಿನ ತರಬೇತಿ ಕೊಟ್ಟರು. ಕೊರಳಿಗೊಂದು ಗುರುತಿನ ಕಾರ್ಡು, ಕೈಗೊಂದು ಟ್ಯಾಬ್, ಚೀಲದ ತುಂಬ ನಮೂನೆಗಳು. ಕೆಂಭಾವಿ ಸುತ್ತಲಿನ ಮೂರು ಹಳ್ಳಿಗಳು ನನ್ನ ಪಾಲಿಗೆ ಬಂದವು. ಕೆಂಭಾವಿಯಲ್ಲಿ ಚಿಕ್ಕಮ್ಮನ ಮನೆಯಿದ್ದುದರಿಂದ ಅಲ್ಲೇ ಉಳಿದುಕೊಂಡೆ.

ಒಂಬತ್ತನೇ ತರಗತಿಯಿಂದ ಡೈರಿ ಬರೆಯುವ ರೂಢಿ ನನ್ನದು. ಮನಸ್ಸಿನ ಮಾತುಗಳೇನೂ ಅದರಲ್ಲಿ ಇರುವುದಿಲ್ಲ. ತಾರೀಖು, ವಾರ, ಹೋದ ಜಾಗ, ಮಾಡಿದ ಕೆಲಸ, ಬಸ್ಸು ಎಷ್ಟು ತಡವಾಯಿತು ಎನ್ನುವುದು, ಅಷ್ಟೆ. ಈ ರೂಢಿಯಿಂದಲೇ ನನಗೆ ಕೆಲಸ ಸಿಕ್ಕಿತೆಂದು ಕಾಣುತ್ತದೆ. ಸಂದರ್ಶನದಲ್ಲಿ ನನ್ನ ಹಳೆಯ ಡೈರಿಯೊಂದನ್ನು ತಿರುವಿ ನೋಡಿದ ಅಧಿಕಾರಿ, 'ಒಂದು ಕಾಲಂ ಕೂಡ ಖಾಲಿ ಬಿಟ್ಟಿಲ್ಲವಲ್ಲ' ಎಂದು ಮೆಚ್ಚಿದ್ದರು. ಖಾಲಿ ಬಿಡಲಾರದ ಆ ಗುಣವೇ ಮುಂದೆ ಏನು ಮಾಡಿತು ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಆರು ವರ್ಷದೊಳಗಿನ ಮಕ್ಕಳಿರುವ ತಾಯಂದಿರು ಕೂಲಿಗೆ ಏಕೆ ಹೋಗುತ್ತಾರೆ ಎಂಬುದು ನಮ್ಮ ಸಮೀಕ್ಷೆಯ ವಿಷಯ. ನಮೂನೆಯಲ್ಲಿ ಮೂವತ್ತೆರಡು ಪ್ರಶ್ನೆಗಳಿದ್ದವು. ಮುಖ್ಯವಾದದ್ದು ಹದಿನಾಲ್ಕನೆಯದು: 'ಹಣ ಸಿಗುವ ಕೆಲಸಕ್ಕೆ ಹೋಗಲು ಮುಖ್ಯ ಕಾರಣವೇನು?' ಉತ್ತರವನ್ನು ಅವರ ಮಾತಿನಲ್ಲಿ ಬರೆಯುವಂತಿರಲಿಲ್ಲ, ಸಂಖ್ಯೆಯಲ್ಲಿ ಬರೆಯಬೇಕು. ಅದಕ್ಕೆ ಕೋಡ್ ಎನ್ನುತ್ತಾರೆ. ಒಂದು ಎಂದರೆ ಮನೆ ಖರ್ಚು, ಮೂರು ಎಂದರೆ ಮಕ್ಕಳ ಖರ್ಚು, ನಾಲ್ಕು ಎಂದರೆ ಗಂಡನ ದುಡಿಮೆ ಸಾಲದು, ಹೀಗೆ ಏಳರವರೆಗೆ. ಏಳು ಎಂದರೆ 'ಇತರೆ'. ಏಳನ್ನು ಆದಷ್ಟು ಬಳಸಬೇಡಿ ಎಂದು ತರಬೇತಿಯಲ್ಲಿ ಎರಡು ಸಲ ಹೇಳಿದ್ದರು. ಇದಲ್ಲದೆ ಪ್ರತಿ ಹಳ್ಳಿಯಲ್ಲೂ ಒಂದು ದಿನ ಕೆಲಸದ ಜಾಗಕ್ಕೇ ಹೋಗಿ, ಯಾವ ತಾಯಿ ಏನು ಮಾಡುತ್ತಿದ್ದಾಳೆ ಎಂದು ಅರ್ಧ ಗಂಟೆಗೊಮ್ಮೆ ಗುರುತು ಹಾಕಬೇಕು. ಅದಕ್ಕೆ ಅವಲೋಕನ ಹಾಳೆ ಎಂದು ಹೆಸರು.

ನವೆಂಬರ್ 12, ಮಂಗಳವಾರ ಸಂಜೆ ನಾಗಮ್ಮನ ಮನೆಗೆ ಹೋದೆ. ಅದು ಆ ದಿನದ ಆರನೆಯ ಮನೆ. ಊರಿನಿಂದ ಆಚೆ, ಕುರಿ ಹಟ್ಟಿಗೆ ಅಂಟಿಕೊಂಡಂತೆ ಇದ್ದ ಒಂಟಿ ಮನೆ. ಹಟ್ಟಿ ಖಾಲಿಯಿತ್ತು. ನಾಗಮ್ಮನ ಗಂಡ ಕುರಿ ಹೊಡೆದುಕೊಂಡು ದೇಶಾಂತರ ಹೋಗಿದ್ದ. ಅವನು ಬರುವುದು ಯುಗಾದಿಗೇ. ಮನೆಯಲ್ಲಿ ನಾಗಮ್ಮ, ಎರಡೂವರೆ ವರ್ಷದ ಮಗಳು ಮಾಳಮ್ಮ ಮತ್ತು ಅತ್ತೆ ಯಂಕಮ್ಮ. ಅತ್ತೆಗೆ ಕಿವಿ ಮಂದ. ಹಾಗಾಗಿ ನನ್ನ ಪ್ರಶ್ನೆಗಳನ್ನು ಕೂಗಿ ಕೇಳಬೇಕಾಯಿತು, ಉತ್ತರಗಳೂ ಕೂಗಿಯೇ ಬಂದವು.

"ಸೊಸಿ ಕೂಲಿಗಿ ಯಾಕ ಹೋಗ್ತಾಳಂತ ಕೇಳ್ತಿಯಾ? ಹೊಟ್ಟಿಗಿ! ಮತ್ತೇನು, ಮೆರವಣಿಗಿ ನೋಡಾಕಾ?" ಎಂದಳು ಯಂಕಮ್ಮ.

ನಾನು ಒಂದು ಎಂದು ಬರೆಯಲು ಹೊರಟೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಾಗಮ್ಮ ತಲೆ ಎತ್ತದೆ, ಅತ್ತೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಕೂಸಿನ ಸಲುವಾಗಿ ಅಂತ ಬರ್ಕೋರಿ."

ಒಂದರ ಬದಲು ಮೂರು ಎಂದು ಬರೆದೆ. ಮಕ್ಕಳ ಖರ್ಚು. ಮಗು ಬಾಗಿಲ ಬಳಿ ಒಂದು ಹಿತ್ತಾಳೆ ಬಟ್ಟಲು ಹಿಡಿದು ನಿಂತಿತ್ತು. ಹೆಸರೇನು ಎಂದು ಕೇಳಿದರೆ ಸುಮ್ಮನೆ ನೋಡಿತು. ಆ ದಿನದ ಡೈರಿಯಲ್ಲಿ ಇರುವುದು ಇಷ್ಟು: ಮನೆ ಆರು, ಬಸ್ಸು ನಲವತ್ತು ನಿಮಿಷ ತಡ, ತಲೆನೋವು.

ವಾರದ ನಂತರ, 19ರ ಮಂಗಳವಾರ, ಅದೇ ಹಳ್ಳಿಯ ಅವಲೋಕನದ ದಿನ. ಬೆಳಿಗ್ಗೆ ಎಂಟು ಹತ್ತಕ್ಕೆ ಸಿದ್ದಣ್ಣ ಎಂಬುವರ ಹತ್ತಿ ಹೊಲಕ್ಕೆ ಹೋದೆ. ಊರಲ್ಲಿ ಅವರನ್ನು ಸಾವ್ಕಾರ ಎಂದೇ ಕರೆಯುತ್ತಾರೆ. ಹದಿನೇಳು ಹೆಂಗಸರ ಗುಂಪು ಸಾಲು ಹಿಡಿದು ಹತ್ತಿ ಬಿಡಿಸುತ್ತಿತ್ತು. ಸೀರೆಯ ಸೆರಗನ್ನು ಸೊಂಟಕ್ಕೆ ಕಟ್ಟಿ ಉಡಿ ಮಾಡಿಕೊಂಡು, ಬಿಡಿಸಿದ ಹತ್ತಿಯನ್ನು ಅದರಲ್ಲಿ ತುಂಬಿ, ಉಡಿ ತುಂಬಿದಾಗ ಬದುವಿನ ಮೇಲೆ ತಂತಮ್ಮ ಗುಡ್ಡೆಗೆ ಸುರಿದು ಬರುತ್ತಿದ್ದರು. ಸಂಜೆ ಅವರವರ ಗುಡ್ಡೆ ತೂಗಿ ಕೂಲಿ. ಗುಂಪಿನ ಹಿರಿಯಳು ದೇವಮ್ಮ. ಐವತ್ತು ದಾಟಿದವಳು. ಯಾರ ಹೊಲ, ಎಷ್ಟು ಜನ, ಯಾವ ದಿನ, ಎಲ್ಲವೂ ಅವಳ ಮಾತಿನಂತೆ.

ನನ್ನನ್ನು ನೋಡಿದೊಡನೆ ಒಬ್ಬಳು ಕೂಗಿದಳು: "ಬರಿಯಾಕಿ ಬಂದಾಳ್ರೇ! ಸೆರಗ ಸರಿ ಮಾಡ್ಕೋರಿ, ಫೋಟೋ ಹೊಡೀತಾಳ!"

"ನಿನ್ನ ಫೋಟೋ ಯಾರಿಗಿ ಬೇಕವ್ವಾ, ನಿನ್ನ ಗಂಡನೇ ನೋಡಂಗಿಲ್ಲ," ಎಂದು ಇನ್ನೊಬ್ಬಳು. ಸಾಲಿನುದ್ದಕ್ಕೂ ನಗು ಹೋಯಿತು.

ಆ ಹದಿನೇಳರಲ್ಲಿ ಏಳು ಜನ ಸಣ್ಣ ಮಕ್ಕಳ ತಾಯಂದಿರು. ಅವರ ಹೆಸರುಗಳು ನನ್ನ ಹಾಳೆಯಲ್ಲಿದ್ದವು. ಆರು ಜನ ಸಾಲಿನಲ್ಲಿದ್ದರು. ಏಳನೆಯವಳು ನಾಗಮ್ಮ, ಹೊಲದ ಅಂಚಿನ ದೊಡ್ಡ ಬೇವಿನ ಮರದ ಕೆಳಗೆ ಕುಳಿತಿದ್ದಳು. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುತ್ತಾರೆ. ಅವಳ ಸುತ್ತ ಒಂಬತ್ತು ಮಕ್ಕಳು. ಅವರಲ್ಲಿ ಇಬ್ಬರು ಕೊಂಬೆಗೆ ಕಟ್ಟಿದ ಹಳೆ ಸೀರೆಯ ಜೋಳಿಗೆಗಳಲ್ಲಿ ಮಲಗಿದ್ದರು. ಒಂದು ಕೊಡ ನೀರು, ಒಂದು ರೊಟ್ಟಿ ಗಂಟು.

ಎಂಟೂವರೆಗೆ ಮೊದಲ ಗುರುತು ಹಾಕಿದೆ. ಕೆಲಸ ಮಾಡುತ್ತಿರುವವರಿಗೆ ಒಂದು, ವಿಶ್ರಾಂತಿಗೆ ಎರಡು, ಕೆಲಸದಲ್ಲಿ ಇಲ್ಲದವರಿಗೆ ಸೊನ್ನೆ. ನಾಗಮ್ಮನಿಗೆ ಸೊನ್ನೆ. ಒಂಬತ್ತಕ್ಕೆ ಸೊನ್ನೆ. ಹನ್ನೆರಡರ ಹೊತ್ತಿಗೆ ಅವಳ ಸಾಲಿನಲ್ಲಿ ಎಂಟು ಸೊನ್ನೆಗಳಿದ್ದವು.

ಊಟಕ್ಕೆ ಎಲ್ಲರೂ ಬೇವಿನ ನೆರಳಿಗೆ ಬಂದರು. ದೇವಮ್ಮ ನನ್ನ ಹಾಳೆಯ ಮೇಲೆ ಬಗ್ಗಿ ನೋಡಿ ಕೇಳಿದಳು: "ಎಲ್ಲಾರ್ದೂ ಕಡ್ಡಿ ಅದ, ಇದೊಂದು ಸಾಲು ಯಾಕ ಗುಂಡಗ ಅದ ತಂಗಿ?"

"ಅದು ಸೊನ್ನಿ ಯಮ್ಮಾ. ನಾಗಮ್ಮ ಇವತ್ತ ಕೆಲಸ ಮಾಡಾಕತ್ತಿಲ್ಲಲ್ಲ, ಅದಕ್ಕ."

ದೇವಮ್ಮ ಎಷ್ಟು ಜೋರಾಗಿ ನಕ್ಕಳೆಂದರೆ ಜೋಳಿಗೆಯ ಕೂಸು ಎದ್ದು ಅಳತೊಡಗಿತು. "ಕೇಳಿದೇನ ನಾಗಿ? ನೀ ಕೆಲಸ ಮಾಡಾಕತ್ತಿಲ್ಲಂತ! ಇವತ್ತ ನಿಂದು ರಜಾ ಅಂತ!"

ನಕ್ಕು ಮುಗಿದ ಮೇಲೆ ಅವಳೇ ವಿವರಿಸಿದಳು. ಈ ಗುಂಪಿನಲ್ಲಿ ಅದಕ್ಕೆ ಗಿಡದ ಪಾಳಿ ಎನ್ನುತ್ತಾರೆ. ಸಣ್ಣ ಮಕ್ಕಳ ತಾಯಂದಿರಲ್ಲಿ ದಿನಕ್ಕೊಬ್ಬಳು ಗಿಡದ ಕೆಳಗೆ ಕುಳಿತು ಎಲ್ಲರ ಮಕ್ಕಳನ್ನೂ ನೋಡಿಕೊಳ್ಳಬೇಕು. ಅವಳು ಆ ದಿನ ಒಂದು ಹತ್ತಿಯನ್ನೂ ಬಿಡಿಸುವುದಿಲ್ಲ. ಸಂಜೆ ತೂಕಕ್ಕೆ ಮುಂಚೆ ಉಳಿದ ಆರು ಜನ ತಂತಮ್ಮ ಗುಡ್ಡೆಯಿಂದ ಒಂದೊಂದು ಉಡಿ ತುಂಬ ಹತ್ತಿಯನ್ನು ಅವಳ ಮುಂದೆ ಸುರಿಯುತ್ತಾರೆ. ಅದೇ ಅವಳ ದಿನದ ಗುಡ್ಡೆ. ನಾಳೆ ಪಾಳಿ ಇನ್ನೊಬ್ಬಳದು.

"ಸಣ್ಣ ಮಕ್ಕಳಿಲ್ಲದವರು ಕೊಡಂಗಿಲ್ಲೇನು?" ಎಂದೆ.

"ಅವರ್ಯಾಕ ಕೊಡ್ತಾರ? ನಾನೊಬ್ಬಾಕಿ ಕೊಡ್ತೀನಿ. ನನ್ನ ನಾಕೂ ಮಕ್ಕಳು ಗಿಡದ ಪಾಳ್ಯಾಗ ಬೆಳದಾವ. ಋಣ ಇರ್ತದಲ್ಲ."

ಊಟವಾದ ಮೇಲೆ ಹೆಂಗಸರು ಸಾಲಿಗೆ ಮರಳಿದರು. ನಾನು ನಾಗಮ್ಮನ ಬಳಿಯೇ ಕುಳಿತೆ. ಮಾಳಮ್ಮ ಇನ್ನಿಬ್ಬರು ಹುಡುಗಿಯರೊಂದಿಗೆ ಬೇವಿನ ಬೀಜ ಹೆಕ್ಕಿ ಬಟ್ಟಲಿಗೆ ಹಾಕುತ್ತಿತ್ತು. ಹಾಕುವಾಗಲೆಲ್ಲ "ತಗೋ, ತಗೋ" ಎನ್ನುತ್ತಿತ್ತು. ಮನೆಯಲ್ಲಿ ಬಾಯಿ ಬಿಡದಿದ್ದ ಮಗು ಇದೇನಾ ಎಂದು ನನಗೆ ಅನುಮಾನವಾಯಿತು.

"ಇದಕ್ಕ ಮಾತ ಬಂದಿದ್ದಿಲ್ರಿ," ಎಂದಳು ನಾಗಮ್ಮ. "ಎರಡು ವರ್ಷ ತುಂಬಿದ್ರೂ ಅವ್ವ ಅಂತ ಸೈತ ಅನ್ನಲಿಲ್ಲ. ಅತ್ತಿಗಿ ಕಿವಿ ಕೇಳಂಗಿಲ್ಲ. ಗಂಡ ಊರಾಗಿಲ್ಲ. ಸುತ್ತ ಮನಿ ಇಲ್ಲ. ನಾ ಒಬ್ಬಾಕಿ ಎಷ್ಟ್ ಮಾತಾಡ್ಲಿ? ಗ್ವಾಡಿ ಕೂಡ ಮಾತಾಡಿದಂಗ ಆಗ್ತಿತ್ತು. ದವಾಖಾನಿಗಿ ಒಯ್ದಿದ್ದೆ. ಕಿವಿ ಚಲೋ ಅದ, ನಾಕ ಮಕ್ಕಳ ಕೂಡ ಬಿಡು ಅಂದ್ರು. ಅಂಗನವಾಡಿಗಿ ಮೂರು ತುಂಬಲಿ ಅಂದ್ರು. ದಸರಾ ಆದ ಮ್ಯಾಲ ಈ ಗುಂಪಿಗಿ ಬಂದೆ. ಈಗ ಐದು ಮಾತು ಆಡ್ತಾಳ."

ಐದನ್ನೂ ಬೆರಳು ಮಡಚಿ ಹೇಳಿದಳು: ಅವ್ವ, ತಗೋ, ನೀರು, ಬಾ, ಒಲ್ಲೆ.

ನಾನು ಕೇಳಿದೆ: ಹಾಗಿದ್ದರೆ ಕೂಲಿ ಬಿಟ್ಟು ಮಗುವನ್ನು ಇಲ್ಲಿಗೆ ಕರೆತಂದು ಸುಮ್ಮನೆ ಕುಳಿತುಕೊಳ್ಳಬಹುದಲ್ಲ?

ನಾಗಮ್ಮ ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದಳು. "ಉಡಿ ಕೊಟ್ಟಾಕಿಗಷ್ಟ ಗಿಡ ಅದರಿ. ಮತ್ತ ಮನ್ಯಾಗ ಏನಂತ ಹೇಳಿ ಬರ್ಲಿ? ಕೂಲಿಗಿ ಅಂದ್ರ ಕಳಸ್ತಾರ. ಕೂಸಿನ ಕೂಡ ಗಿಡದ ಕೆಳಗ ಕುಂದ್ರಾಕ ಹೋಗ್ತೀನಿ ಅಂದ್ರ ಕಳಸ್ತಾರೇನು?"

ಕೂಸಿನ ಸಲುವಾಗಿ ಎಂದು ಅವಳು ಹೇಳಿದ್ದು ಇದನ್ನು. ನಾನು ಬರೆದುಕೊಂಡದ್ದು ಮೂರು, ಮಕ್ಕಳ ಖರ್ಚು. ತಾಯಿ ಕೆಲಸಕ್ಕೆ ಹೋದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಮ್ಮ ನಮೂನೆ ಕೇಳುತ್ತಿತ್ತು. ಮಗುವಿಗೆ ಜೊತೆ ಸಿಗಲೆಂದೇ ತಾಯಿ ಕೆಲಸಕ್ಕೆ ಹೋಗಬಹುದು ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಸಂಜೆ ಸರಿಪಡಿಸಿದರಾಯಿತು ಎಂದುಕೊಂಡೆ. ಸಂಜೆ ಇನ್ನೊಂದು ತಪ್ಪು ಮಾಡಿದೆ.

ಐದೂವರೆಗೆ ಸಾವ್ಕಾರ ತಕ್ಕಡಿ ಹಿಡಿಸಿಕೊಂಡು ಬಂದರು. ಅವರು ಕೆಟ್ಟ ಮನುಷ್ಯರಲ್ಲ. ದಿನಕ್ಕೆ ಎರಡು ಸಲ ಕೂಲಿಯವರಿಗೆ ಚಹಾ ಕಳಿಸುತ್ತಿದ್ದರು, ಗಿಡದ ಪಾಳಿಯ ಬಗ್ಗೆ ಒಂದು ದಿನವೂ ತಕರಾರು ಮಾಡಿದವರಲ್ಲ. ಅವಲೋಕನ ಹಾಳೆಯ ಕೊನೆಯಲ್ಲಿ ಒಂದು ಚೌಕವಿತ್ತು: 'ಕೆಲಸದ ಸ್ಥಳದ ಮಾಲೀಕರ ಸಹಿ (ಸಾಧ್ಯವಾದರೆ).' ಬೇರೆ ಸಮೀಕ್ಷಕರು ಅದನ್ನು ಖಾಲಿ ಬಿಡುತ್ತಿದ್ದರು. ನಾನು ಬಿಡಲಿಲ್ಲ. ಹಾಳೆಯನ್ನು ಅವರ ಮುಂದೆ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಚೌಕದ ಮೇಲಿನ ಸಾಲಿನಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: 'ಕೆಲಸದ ಸ್ಥಳದಲ್ಲಿ ಕಂಡ ಮಕ್ಕಳು: 9.' ಅದರ ಕೆಳಗೆ ಒಂಬತ್ತು ಹೆಸರು, ವಯಸ್ಸು.

"ಇದು ಎಲ್ಲಿಗಿ ಹೋಗ್ತದ್ರಿ ಮೇಡಂ?"

"ಯಾದಗಿರಿಗಿ ಹೋಗ್ತದ್ರಿ. ಅಲ್ಲಿಂದ ಬೆಂಗಳೂರಿಗಿ," ಎಂದೆ. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಅವರು ಸಹಿ ಮಾಡಿದರು. ನಾನಾಗ ಅವರ ಮುಖ ನೋಡಬೇಕಿತ್ತು. ನಾನು ತುಂಬಿದ ಚೌಕವನ್ನು ನೋಡುತ್ತಿದ್ದೆ.

ಮರುದಿನ ಪಕ್ಕದ ಹಳ್ಳಿಯಲ್ಲಿ ಕೆಲಸವಿತ್ತು. 21ರ ಗುರುವಾರ ಮಧ್ಯಾಹ್ನ ಅದೇ ದಾರಿಯಲ್ಲಿ ಬಂದಾಗ ಬೇವಿನ ಕೆಳಗೆ ಯಾರೂ ಇರಲಿಲ್ಲ. ಜೋಳಿಗೆಗಳೂ ಇಲ್ಲ. ಸಾಲಿನಲ್ಲಿದ್ದವರನ್ನು ಎಣಿಸಿದೆ, ಹನ್ನೆರಡು. ದೇವಮ್ಮ ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಬಾ ಯವ್ವಾ. ಇವತ್ತ ಎಣಸಾಕ ಏನಿಲ್ಲ ನೋಡು."

ಹಾಳೆಗೆ ಸಹಿ ಹಾಕಿದ ಸಾವ್ಕಾರರಿಗೆ 19ರ ಸಂಜೆ ಮನೆಗೆ ಹೋದ ಮೇಲೆ ಚಿಂತೆ ಹತ್ತಿತ್ತೆಂದು ಅವಳಿಂದ ತಿಳಿಯಿತು. ಯಾರೋ ತಿಳಿದವರು, ಹೊಲದಲ್ಲಿ ಮಕ್ಕಳಿದ್ದಾರೆಂದು ಹೆಸರು, ವಯಸ್ಸಿನ ಸಮೇತ ಸಹಿ ಮಾಡಿಕೊಟ್ಟಿದ್ದೀರಿ, ನಾಳೆ ಬಾಲಕಾರ್ಮಿಕರ ಕೇಸು ಆದರೆ ನೀವೇ ಒಪ್ಪಿಕೊಂಡಂತೆ ಎಂದರಂತೆ. 20ರ ಬೆಳಿಗ್ಗೆ ಅವರು ಬದುವಿನ ಮೇಲೆ ನಿಂತು, ಇನ್ನು ಮುಂದೆ ಒಂದು ಕೂಸೂ ಈ ಹೊಲಕ್ಕೆ ಕಾಲಿಡಬಾರದು ಎಂದು ಹೇಳಿಬಿಟ್ಟರು. ಏಳು ತಾಯಂದಿರಲ್ಲಿ ಐದು ಜನ ಮನೆಗೆ ಮರಳಿದರು. ಉಳಿದಿಬ್ಬರಲ್ಲಿ ಒಬ್ಬಳು ಮಗುವನ್ನು ತವರಿಗೆ ಬಿಟ್ಟು ಬಂದಿದ್ದಳು. ಇನ್ನೊಬ್ಬಳು ಮೂರನೇ ತರಗತಿಯ ದೊಡ್ಡ ಮಗಳನ್ನು ಶಾಲೆ ಬಿಡಿಸಿ ಸಣ್ಣದರ ಕಾವಲಿಗೆ ಕೂರಿಸಿದ್ದಳು.

ಅಲ್ಲಿಂದ ನಾಗಮ್ಮನ ಮನೆಗೆ ನಡೆದೆ. ಯಂಕಮ್ಮ ಕಟ್ಟೆಯ ಮೇಲಿಂದಲೇ ಕೂಗಿದಳು: "ಬಂದೇನ? ಬರಕೊಂಡು ಹೋಗು, ಸೊಸಿ ಮನ್ಯಾಗ ಅದಾಳ ಅಂತ! ಬಿಸ್ಲಾಗ ಸಾಯೋದು ತಪ್ಪಿತು ಬಿಡು!"

ನಾಗಮ್ಮ ಬೈಯಲಿಲ್ಲ. ನೀರು ಕೊಟ್ಟಳು. ಮಾಳಮ್ಮ ಹೊಸ್ತಿಲ ಮೇಲೆ ಬಟ್ಟಲು ಹಿಡಿದು ಕುಳಿತಿತ್ತು.

"ಬೆಳಿಗ್ಗಿ ಗುಂಪು ಈ ದಾರಿ ಹಿಡದ ಹೋಗ್ತದ್ರಿ. ಅವರ ದನಿ ಕೇಳಿದ ಕೂಡ್ಲೇ ಬಟ್ಟಲ ತಗೊಂಡು ಓಡ್ತದ. ಹಿಡದು ಒಳಗ ತಂದ್ರ ಮತ್ತ ಹೊಸ್ತಿಲಕ್ಕ ಹೋಗಿ ಕುಂದ್ರತದ. ಎರಡು ದಿನಾ ಆತು, ಒಲ್ಲೆ ಅನ್ನೋದೊಂದ ಮಾತು." ಖಾಲಿ ತಂಬಿಗೆ ತೆಗೆದುಕೊಳ್ಳುತ್ತ ಅಂದಳು: "ಎಂಟು ದಿನ ಹೋಗದಿದ್ರ ನನ್ನ ಸಾಲಿಗಿ ಬ್ಯಾರೆದವರ್ನ ತಗೋತಾರ. ಗುಂಪಿನ ರೀತಿ ಹಂಗ ಅದ. ಆಮ್ಯಾಲ ಗಿಡಾನೂ ಇಲ್ಲ."

"ನನ್ನ ತಪ್ಪು ನಾಗಮ್ಮ," ಎಂದೆ.

"ನಿಮ್ಮ ತಪ್ಪೇನ್ರಿ, ನಿಮ್ಮ ನೌಕರಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ದೂರದ ರಸ್ತೆಯಲ್ಲಿ ಬಸ್ಸು ಹೋಗುವುದು ಕಾಣುತ್ತಿತ್ತು, ನಾನು ಓಡಲಿಲ್ಲ. ಮುಂದಿನ ಬಸ್ಸಿಗೆ ಒಂದು ಗಂಟೆ ಹತ್ತು ನಿಮಿಷ ಕಾದೆ. ಕಾಯುತ್ತಲೇ ಯಾದಗಿರಿಯ ಮೇಲ್ವಿಚಾರಕರಿಗೆ ಫೋನು ಮಾಡಿದೆ. ಆ ಸಹಿಯನ್ನು ತೆಗೆಯಬಹುದೇ ಎಂದು ಕೇಳಿದೆ. ಅವರು ಸಮಾಧಾನದಿಂದಲೇ ಹೇಳಿದರು: "ಹಾಳೆ ಅಪ್‌ಲೋಡ್ ಆಗಿದೆಯಲ್ಲ. ಹೊಲದಲ್ಲಿ ಯಾರನ್ನು ಬಿಡುತ್ತಾರೆ, ಬಿಡುವುದಿಲ್ಲ ಅನ್ನುವುದು ನಮ್ಮ ಕೆಲಸವಲ್ಲ. ನೀವು ಮುಂದಿನ ಹಳ್ಳಿ ಮುಗಿಸಿ."

22ರ ಶುಕ್ರವಾರ ಸಾವ್ಕಾರರ ಮನೆಗೆ ಒಬ್ಬಳೇ ಹೋದೆ. ಈ ಹಾಳೆಗೂ ಪೊಲೀಸರಿಗೂ ಸಂಬಂಧವಿಲ್ಲ, ಕೂಸುಗಳು ಕೆಲಸ ಮಾಡುತ್ತಿಲ್ಲ, ತಾಯಿಯ ಜೊತೆ ಬರುತ್ತವೆ ಅಷ್ಟೆ ಎಂದು ಅರ್ಧ ಗಂಟೆ ವಿವರಿಸಿದೆ. ಅವರು ಚಹಾ ತರಿಸಿದರು. ಪೂರ್ತಿ ಕೇಳಿಸಿಕೊಂಡರು.

"ನೀವು ಖರೆ ಹೇಳ್ತೀರಿ ಮೇಡಂ. ಆದ್ರ ಕಾಗದ ನಿಮ್ಮ ಮಾತ ಕೇಳಂಗಿಲ್ಲ. ಕಾಗದಕ್ಕ ಒಂಬತ್ತು ಅಂತಷ್ಟ ಗೊತ್ತು."

ಅದು ನಾನೇ ತುಂಬಿದ ಅಂಕಿ. ಅಲ್ಲಿಂದ ನೇರ ಹೊಲಕ್ಕೆ ಹೋಗಿ ದೇವಮ್ಮನಿಗೆ ಎಲ್ಲ ಹೇಳಿದೆ. ಅವಳು ಉಡಿ ಖಾಲಿ ಮಾಡಿ, ಸೊಂಟ ಹಿಡಿದುಕೊಂಡು ನಿಂತು, "ನೀ ಒಬ್ಬಾಕಿ ಯಾಕ ಹೋದಿ? ನಾಳೆ ಮುಂಜಾನಿ ನಾ ಬರ್ತೀನಿ," ಎಂದಳು.

23ರ ಶನಿವಾರ ಏಳು ಗಂಟೆಗೆ ಇಬ್ಬರೂ ಸಾವ್ಕಾರರ ಅಂಗಳದಲ್ಲಿದ್ದೆವು. ದೇವಮ್ಮ ಕೂರಲಿಲ್ಲ.

"ಸಾವ್ಕಾರ್ರ, ಹತ್ತಿ ಒಡದು ನೆಲಕ್ಕ ಬೀಳಾಕತ್ತದ. ಮ್ಯಾಲ ಮೋಡ ನೋಡ್ರಿ. ಹನ್ನೆರಡು ಮಂದಿ ಬಿಡಿಸಿದ್ರ ಎಂದು ಮುಗೀತದ?"

"ಕೂಸು ಇಲ್ಲದವರ್ನ ಕರ್ಕೊಂಡ್ ಬಾ."

"ಎಲ್ಲಿಂದ ತರ್ಲಿ? ಕೆಂಭಾವಿ ಸಂತ್ಯಾಗ ಸಿಗ್ತಾರೇನು, ಉಳ್ಳಾಗಡ್ಡಿ ಬದಿಗಿ?"

ಸಾವ್ಕಾರರ ಹೆಂಡತಿ ಒಳಗೆ ನಕ್ಕದ್ದು ಕೇಳಿಸಿತು. ಸಾವ್ಕಾರರಿಗೂ ನಗು ಬಂತು, ತಡೆದುಕೊಂಡರು. "ನಗೋ ಮಾತಲ್ಲ ದೇವಮ್ಮ. ಕೇಸಾದ್ರ ನೀ ಬರ್ತಿಯೇನು ಕೋರ್ಟಿಗಿ?"

"ನಾ ಯಾಕ ಬರ್ಲಿ? ಬರದಾಕಿ ಇಲ್ಲೇ ನಿಂತಾಳಲ್ಲ. ಆಕಿ ಬರ್ತಾಳ. ಒಂದು ಕಾಗದಲೆ ಕೆಡಿಸ್ಯಾಳ, ಇನ್ನೊಂದು ಕಾಗದಲೆ ಕಟ್ಲಿ."

ಹಾಗೆ ನಾನು ಒಂದು ಬಿಳಿ ಹಾಳೆಯಲ್ಲಿ ಮತ್ತೆ ಆ ಒಂಬತ್ತು ಹೆಸರುಗಳನ್ನು ಬರೆದೆ. ಈ ಮಕ್ಕಳು ತಾಯಂದಿರೊಂದಿಗೆ ಬರುತ್ತಾರೆ, ಯಾವ ಕೆಲಸವನ್ನೂ ಮಾಡುವುದಿಲ್ಲ, ಪ್ರತಿದಿನ ಒಬ್ಬ ತಾಯಿ ಇವರನ್ನು ನೋಡಿಕೊಳ್ಳುತ್ತಾಳೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ನನ್ನ ಹೆಸರು, ಫೋನ್ ಸಂಖ್ಯೆ, ಸಹಿ. ಹಾಗೆ ಬರೆದುಕೊಡುವ ಅಧಿಕಾರ ನನಗಿರಲಿಲ್ಲ. ಕಚೇರಿಗೆ ತಿಳಿದರೆ ನೌಕರಿ ಹೋಗಬಹುದಿತ್ತು. ಅದು ಗೊತ್ತಿದ್ದೇ ಬರೆದೆ. ಸಾವ್ಕಾರರು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಯಾರರ ಬಂದ್ರ ಮೊದ್ಲ ಇದನ್ನ ತೋರಸ್ತೀನಿ. ಆಮ್ಯಾಲ ನಿಮ್ಮನ್ನ."

ಹೊರಗೆ ಬಂದ ಮೇಲೆ ದೇವಮ್ಮ ಕೇಳಿದಳು: "ಸಾವ್ಕಾರಗ ಕಾಗದ ಕೊಟ್ಟಿ. ನಮಗೇನು ಕೊಡ್ತಿ?"

"ಏನು ಕೊಡ್ಲಿ ಯಮ್ಮಾ?"

"ನಿನ್ನ ಸಲುವಾಗಿ ನಾಕು ದಿನ ಪಾಳಿ ಮುರೀತು. ನಾಳೆ ಐತವಾರ, ನಿನಗ ರಜಾ. ಪಾಳಿ ನಿಂದು. ಏಳೂ ಮಂದಿ ಹತ್ತಿ ಬಿಡಸ್ತಾರ."

24ರ ಭಾನುವಾರ ಎಂಟಕ್ಕೆ ಗಿಡದ ಕೆಳಗಿದ್ದೆ. ಅಭ್ಯಾಸದಂತೆ ಡೈರಿ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅರ್ಧ ಗಂಟೆಗೊಮ್ಮೆ ಬರೆಯುವ ಯೋಚನೆ. ಎಂಟೂವರೆಗೆ ಬರೆದೆ: ಒಂಬತ್ತು ಮಕ್ಕಳು, ಶಾಂತ. ಒಂಬತ್ತಕ್ಕೂ ಬರೆದೆ. ಆಮೇಲೆ ಬರೆಯಲಾಗಲಿಲ್ಲ. ಜೋಳಿಗೆಯ ಒಂದು ಕೂಸು ಹಸಿದು ಅತ್ತರೆ ಎತ್ತಿಕೊಂಡು ಸಾಲಿನಲ್ಲಿರುವ ಅದರ ತಾಯಿಯ ಬಳಿಗೆ ಒಯ್ಯಬೇಕು. ಒಯ್ದರೆ ಇಲ್ಲಿ ಎಂಟು ಉಳಿಯುತ್ತವೆ, ಅದರಲ್ಲಿ ಒಂದು ಬಂಡಿ ದಾರಿಯ ಕಡೆ ಓಡುತ್ತದೆ. ಓಡಿದ್ದನ್ನು ಹಿಡಿದು ತರುವಷ್ಟರಲ್ಲಿ ಇನ್ನೊಂದರ ಬಾಯಲ್ಲಿ ಮಣ್ಣು. ನನಗೆ ಗೊತ್ತೇ ಇರದ ಸಂಗತಿಯೆಂದರೆ ನೆರಳು ನಿಲ್ಲುವುದಿಲ್ಲ ಎಂಬುದು. ಬಿಸಿಲು ತಿರುಗಿದಂತೆಲ್ಲ ಕೊಡ, ರೊಟ್ಟಿ ಗಂಟು, ಹಾಸಿದ ಕೌದಿ, ಮಲಗಿದ ಮಕ್ಕಳು, ಎಲ್ಲವನ್ನೂ ನೆರಳಿನ ಹಿಂದೆ ಸರಿಸುತ್ತ ಹೋಗಬೇಕು. ಮಧ್ಯಾಹ್ನದೊಳಗೆ ಮೂರು ಸಲ ಸರಿಸಿದೆ.

ಊಟಕ್ಕೆ ಬಂದ ದೇವಮ್ಮ ನನ್ನ ಮುಖ ನೋಡಿ ಕೇಳಿದಳು: "ಹೆಂಗ ತಂಗಿ? ಎಷ್ಟು ಸೊನ್ನಿ ಬರದಿ?"

ಹೆಂಗಸರೆಲ್ಲ ನಕ್ಕರು. ನಾಗಮ್ಮನೂ ನಕ್ಕಳು.

ಮೂರು ಗಂಟೆಯ ಸುಮಾರಿಗೆ ಮಾಳಮ್ಮ ನನ್ನ ಮುಂದೆ ಬಂದು ನಿಂತಿತು. ಕಣ್ಣು ನನ್ನ ಪೆನ್ನಿನ ಮೇಲೆ. ನಾನು ಕೊಡಲಿಲ್ಲ. ಅದು ಬಟ್ಟಲನ್ನು ಕೆಳಗಿಟ್ಟು ಎರಡೂ ಕೈ ಚಾಚಿ, "ಕೊಡು," ಎಂದಿತು. "ಕೊಡು!" ಎಂದು ಮತ್ತೆ, ದೇವಮ್ಮನ ಗತ್ತಿನಲ್ಲೇ. ಕೊಟ್ಟೆ. ತೊಡೆಯ ಮೇಲಿನ ಡೈರಿಗೆ ಬಗ್ಗಿ, ಆ ದಿನದ ಪುಟದ ತುಂಬ ಗೀಚಿತು.

ಸಂಜೆ ಇದನ್ನು ಹೇಳಿದಾಗ ನಾಗಮ್ಮ ಹತ್ತಿಯ ಗುಡ್ಡೆ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು. "ಕೊಡು ಅಂದ್ಲೇನ್ರಿ? ಖರೆ? ಅದು ಹೊಸಾದು." ಬೆರಳು ಮಡಚಿದಳು. ಒಂದು ಕೈಯ ಐದು ಮುಗಿದು ಇನ್ನೊಂದು ಕೈಯ ಹೆಬ್ಬೆರಳಿಗೆ ಬಂದಳು.

ತೂಕಕ್ಕೆ ಮುಂಚೆ ಏಳು ತಾಯಂದಿರೂ ದೇವಮ್ಮನೂ ನನ್ನ ಮುಂದೆ ಒಂದೊಂದು ಉಡಿ ಹತ್ತಿ ಸುರಿದರು. ಯಾರ ಹೆಸರಿಗೆ ಬರೆಯಲಿ ಎಂದು ಸಾವ್ಕಾರರು ಕೇಳಿದರು. ನಾಗಮ್ಮನ ಹೆಸರಿಗೆ ಎಂದೆ. ದೇವಮ್ಮ ತಕ್ಷಣ ಬಾಯಿ ಹಾಕಿದಳು: "ಹಂಗಿಲ್ಲ. ಗಿಡದ ಪಾಲು ಗಿಡದ ಕೆಳಗ ಕುಂತಾಕಿದು. ಧರ್ಮ ಮಾಡಾಕ ಬರಬ್ಯಾಡ ಇಲ್ಲಿ." ನನ್ನ ಹೆಸರಿಗೇ ಬರೆದರು. ಅಂದಿನ ಕೂಲಿಯನ್ನು ತೆಗೆದುಕೊಂಡೆ.

ಸೋಮವಾರದಿಂದ ಪಾಳಿ ಮೊದಲಿನಂತೆ ನಡೆಯಿತು. ಡಿಸೆಂಬರ್ ನಡುವಿಗೆ ಹತ್ತಿ ಮುಗಿದು ಗುಂಪು ಮೆಣಸಿನಕಾಯಿ ಹೊಲಕ್ಕೆ ಹೋಯಿತು. ನಾಗಮ್ಮ ಅವರೊಂದಿಗೆ ಹೋದಳೆಂದು ದೇವಮ್ಮ ಫೋನಿನಲ್ಲಿ ಹೇಳಿದಳು. ಅಲ್ಲಿ ಗಿಡ ಸಣ್ಣದಂತೆ, ನೆರಳು ಕಡಿಮೆಯಂತೆ. ನಾನು ಬರೆದುಕೊಟ್ಟ ಕಾಗದವನ್ನು ನೋಡಲು ಯಾರೂ ಬರಲಿಲ್ಲ. ಅದರ ವಿಷಯವನ್ನು ನಾನೇ ತಿಂಗಳ ನಂತರ ಮೇಲ್ವಿಚಾರಕರಿಗೆ ಹೇಳಿದೆ. ಅವರು, ಮತ್ತೆ ಹೀಗೆ ಮಾಡಬೇಡಿ ಎಂದಷ್ಟೇ ಅಂದರು. ನಾಗಮ್ಮನ ಸಾಲಿನ ಸೊನ್ನೆಗಳನ್ನೆಲ್ಲ ಒಂದು ಎಂದು ತಿದ್ದಲು ಅರ್ಜಿ ಕೊಟ್ಟೆ. ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಕೋಡ್ ಇಲ್ಲವಾದ್ದರಿಂದ ಆಗಲಿಲ್ಲ. ಹದಿನಾಲ್ಕನೇ ಪ್ರಶ್ನೆಯ ಮೂರನ್ನು ಏಳು ಮಾಡಿ, ಪಕ್ಕದಲ್ಲಿ ಅವಳ ಮಾತನ್ನು ಬರೆದು ಕಳಿಸಿದೆ. ವರದಿಯಲ್ಲಿ ಏಳು ಎಂದು ಬಂದವರು ತೀರ ಕಡಿಮೆಯೆಂದು ಅವರೆಲ್ಲರನ್ನೂ ಒಂದಕ್ಕೆ ಸೇರಿಸಿದ್ದಾರೆ. ವರದಿಯ ಪ್ರಕಾರ ನಾಗಮ್ಮ ಮನೆ ಖರ್ಚಿಗಾಗಿ ಕೂಲಿಗೆ ಹೋಗುತ್ತಾಳೆ.

ಈಗ ಶಹಾಪುರ ತಾಲ್ಲೂಕಿನಲ್ಲಿ, ವನದುರ್ಗದ ಕಡೆಯ ಹಳ್ಳಿಗಳಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. 'ಸಾಧ್ಯವಾದರೆ' ಎಂದಿರುವ ಚೌಕಗಳನ್ನು ಖಾಲಿ ಬಿಡುತ್ತೇನೆ. ಯಾವ ಹೊಲಕ್ಕೆ ಹೋದರೂ ಇವತ್ತು ಮಕ್ಕಳ ಹತ್ತಿರ ಯಾರಿದ್ದಾರೆ ಎಂದು ಮೊದಲು ಕೇಳಿ, ಅವಳ ಹೆಸರಿನ ಮುಂದೆ ಒಂದು ಎಂದೇ ಹಾಕುತ್ತೇನೆ. ಹದಿನಾಲ್ಕನೇ ಪ್ರಶ್ನೆಯಾದ ಮೇಲೆ ನಮೂನೆಯಲ್ಲಿ ಇಲ್ಲದ ಇನ್ನೊಂದನ್ನು ಕೇಳುತ್ತೇನೆ: "ಹೋಗದಿದ್ರ ಏನಾಗ್ತದವ್ವ?" ಅಲ್ಲಿಯವರೆಗೆ ನಿಂತೇ ಉತ್ತರಿಸುತ್ತಿದ್ದ ಹೆಂಗಸು ಆಗ ಸಾಮಾನ್ಯವಾಗಿ ಕುಳಿತುಕೊಳ್ಳುತ್ತಾಳೆ. ಕುಳಿತ ಮೇಲೆ ಬೇಗ ಏಳುವುದಿಲ್ಲ. ದಿನಕ್ಕೆ ಆರು ಮನೆ ಆಗುತ್ತಿದ್ದುದು ಈಗ ನಾಲ್ಕೇ ಆಗುತ್ತದೆ. ಏಕೆ ಇಳಿಯಿತು ಎಂದು ಕಚೇರಿಯಿಂದ ಎರಡು ಸಲ ಕೇಳಿದ್ದಾರೆ. ಸಂಜೆ ತಡವಾದ ಬಸ್ಸಿಗೆ ಕಾಯುತ್ತ, ಕಾಲು ನೋಯುತ್ತಿರುವಾಗ, ಡೈರಿ ತೆಗೆದು ಮನೆ ನಾಲ್ಕು ಎಂದು ಬರೆಯುತ್ತೇನೆ.